ಗೋಡೆಗೇರುವ ಪಾತರಗಿತ್ತಿ: ಗಡಿ ತಾಲೂಕುಗಳ ಮನೆಗಳಿಗೆ ಹನ್ನೆರಡು ಯಶಸ್ಸಿನ ಸೂತ್ರಗಳು

ಗಾಜಿನ ಚೌಕಟ್ಟಿನೊಳಗೆ ರೆಕ್ಕೆ ಬಿಚ್ಚಿ ನಿಂತ ಚಿಟ್ಟೆಯನ್ನು ಗೋಡೆಗೆ ಹಾಕುವ ಆಸೆ ಹಲವರಿಗಿದೆ. ಆಸೆ ಹುಟ್ಟಿದ ಕೂಡಲೇ ಕೈ ಹೋಗುವುದು ಮೊಬೈಲಿನ ಕಡೆಗೆ, ದಕ್ಷಿಣ ಅಮೆರಿಕದ ನೀಲಿ ಮಾರ್ಫೊ ಚಿಟ್ಟೆಯ ಚಿತ್ರಗಳ ಕಡೆಗೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುಗರಿಗೆ ನನ್ನ ಸಲಹೆ ಬೇರೆ. ನಿಮ್ಮ ಹೊಲದ ಬದುವಿನಲ್ಲಿ, ಹಿತ್ತಲ ನಿಂಬೆಗಿಡದಲ್ಲಿ ಹುಟ್ಟಿದ ಚಿಟ್ಟೆಯೇ ನಿಮ್ಮ ಗೋಡೆಗೆ ಬರಲಿ. ಅದೂ ತನ್ನ ಆಯುಷ್ಯ ಮುಗಿಸಿಕೊಂಡು, ಊರಿನ ಹೆಸರು ಮತ್ತು ತಾರೀಖನ್ನು ಹೊತ್ತು ಬರಲಿ. ಅದಕ್ಕೆ ಬೇಕಾದ ಸೂತ್ರಗಳು ಇಲ್ಲಿವೆ.

1. ಕೊಲ್ಲದೆ ಶುರು ಮಾಡಿ

ಇದು ಮೊದಲ ಸೂತ್ರ, ಇದರಲ್ಲಿ ರಿಯಾಯಿತಿ ಇಲ್ಲ. ಭೋಜದ ಆಚಾರ್ಯ ಶಾಂತಿಸಾಗರರು, ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು, ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ಎಲ್ಲರೂ ಈ ನೆಲದಿಂದಲೇ ದಿಗಂಬರ ದೀಕ್ಷೆಯ ಹಾದಿ ಹಿಡಿದವರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ, ನೀರು ಸೋಸಿ ಕುಡಿಯುವ ಮನೆಗಳು ಈ ಐದೂ ತಾಲೂಕುಗಳಲ್ಲಿವೆ. ಅಂಥ ಮನೆಯ ಗೋಡೆಗೆ ಅಂದಕ್ಕಾಗಿ ಕೊಂದ ಜೀವವನ್ನು ನೇತುಹಾಕುವುದು ಸಲ್ಲದು. ಬೇರೆ ಮನೆಗಳಿಗೂ ಅದು ಸಲ್ಲದು ಎಂಬುದೇ ನನ್ನ ಮಾತು. ವಿಜ್ಞಾನಿಗಳು ಪರವಾನಗಿ ಪಡೆದು, ವಿಷದ ಬಾಟಲಿ ಬಳಸಿ ಮಾದರಿ ಸಂಗ್ರಹಿಸುವುದಕ್ಕೆ ಅದರದೇ ಕಾರಣಗಳಿವೆ. ಬೈಠಕ್ ಕೋಣೆಯ ಗೋಡೆಗೆ ಆ ಕಾರಣಗಳಿಲ್ಲ. ಬಲೆ ಬೇಡ, ಬಾಟಲಿ ಬೇಡ.

2. ಗಿಡ ಮೊದಲು, ಚೌಕಟ್ಟು ಆಮೇಲೆ

ಚಿಟ್ಟೆ ಬೇಕೆಂದರೆ ಅದರ ಹುಳುವಿಗೆ ಊಟ ಬೇಕು. ಹುಳು ಎಲ್ಲ ಎಲೆ ತಿನ್ನುವುದಿಲ್ಲ. ಎಕ್ಕದ ಗಿಡದಲ್ಲಿ ಬೆಳೆಯುವುದು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ನಿಂಬೆ ಮತ್ತು ಕರಿಬೇವಿನಲ್ಲಿ ಲೈಮ್ ಬಟರ್‌ಫ್ಲೈ ಹಾಗೂ ಕಾಮನ್ ಮಾರ್ಮನ್. ಔಡಲದಲ್ಲಿ ಕಾಮನ್ ಕ್ಯಾಸ್ಟರ್. ಕಕ್ಕೆ ಮರದಲ್ಲಿ ತಿಳಿಹಳದಿಯ ಎಮಿಗ್ರಂಟ್. ಇವೆಲ್ಲ ಬಯಲುಸೀಮೆಯ ಗಿಡಗಳೇ. ಕಬ್ಬಿನ ಗದ್ದೆಯ ಅಂಚಿಗೆ ಎಕ್ಕ ಬಂದರೆ ಕಿತ್ತು ಬಿಸಾಡುವ ಮೊದಲು ಎಲೆಯ ಕೆಳಮೈ ನೋಡಿ. ಬಿಳಿ, ಕಪ್ಪು, ಹಳದಿ ಪಟ್ಟೆಯ ಹುಳು ಇದ್ದರೆ ಆ ಗಿಡವನ್ನು ಹಾಗೇ ಬಿಡಿ. ಮೊಟ್ಟೆಯಿಂದ ಚಿಟ್ಟೆಯಾಗಲು ಅದಕ್ಕೆ ಸುಮಾರು ಒಂದು ತಿಂಗಳು ಸಾಕು.

ಲೈಮ್ ಬಟರ್‌ಫ್ಲೈ ಹುಳು ಚಿಕ್ಕದಿದ್ದಾಗ ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ, ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ. ಚೌಕಟ್ಟು ತಯಾರಾಗುವ ಹೊತ್ತಿಗೆ ಆ ಮಗುವಿಗೆ ಒಂದು ಜೀವದ ಕಥೆ ಪೂರ್ತಿ ಗೊತ್ತಿರುತ್ತದೆ.

ದಾಳಿಂಬೆ ಬೆಳೆಗಾರರಿಗೆ ಒಂದು ಮಾತು. ಹಣ್ಣು ಕೊರೆಯುವ ಆ ಹುಳುವಿನ ತಾಯಿಯೂ ಒಂದು ಚಿಟ್ಟೆ. ತೋಟದಲ್ಲಿ ಅದನ್ನು ಪೋಷಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಸತ್ತು ಸಿಕ್ಕ ಒಂದು ಚಿಟ್ಟೆಯನ್ನೂ ಕೊರೆದ ಹಣ್ಣಿನ ಫೋಟೋವನ್ನೂ ಜೋಡಿಸಿಟ್ಟರೆ ಅದು ರೈತ ಸಂಪರ್ಕ ಕೇಂದ್ರದ ಗೋಡೆಗೆ ತಕ್ಕ ಚೌಕಟ್ಟಾಗುತ್ತದೆ.

3. ಸತ್ತದ್ದು ಎಲ್ಲಿ ಬೀಳುತ್ತದೆ ಎಂದು ತಿಳಿಯಿರಿ

ಕಿಟಕಿಯ ಒಳಅಂಚು, ಶಾಲೆಯ ವರಾಂಡ, ಪೆಟ್ರೋಲ್ ಪಂಪಿನ ದೀಪದ ಕೆಳಗೆ, ಜೇಡರ ಬಲೆ. ನಿಪ್ಪಾಣಿಯವರಿಗೆ ಪುಣೆ–ಬೆಂಗಳೂರು ಹೆದ್ದಾರಿಯೇ ಊರ ಪಕ್ಕದಲ್ಲಿದೆ. ಮಳೆಗಾಲದಲ್ಲಿ ತವಂದಿ ಘಾಟು ಇಳಿದು ಬಂದ ಕಾರಿನ ಮುಂಭಾಗದ ಜಾಲರಿ ನೋಡಿ. ರೆಕ್ಕೆ ಗಟ್ಟಿಯಿದ್ದದ್ದು ಸಿಕ್ಕೀತು. ಬೆಳಿಗ್ಗೆ ಬೇಗ ಹುಡುಕಬೇಕು, ತಡವಾದರೆ ಇರುವೆ ಮೊದಲು ತಲುಪಿರುತ್ತದೆ.

ಸಿಕ್ಕದ್ದನ್ನು ಬೆರಳಲ್ಲಿ ರೆಕ್ಕೆ ಹಿಡಿದು ಎತ್ತಬೇಡಿ. ಬೆರಳಿಗೆ ಹತ್ತುವ ಪುಡಿ ಚಿಟ್ಟೆಯ ಬಣ್ಣವೇ. ರೆಕ್ಕೆಯ ಮೇಲಿನ ಸಾವಿರಾರು ಸಣ್ಣ ಹುರುಪೆಗಳು ಅವು, ಒಮ್ಮೆ ಉದುರಿದರೆ ಮುಗಿಯಿತು. ತುದಿ ಚಪ್ಪಟೆಯಿರುವ ಚಿಮಟದಿಂದ ಎತ್ತಿ, ಬಟರ್ ಪೇಪರನ್ನು ತ್ರಿಕೋನವಾಗಿ ಮಡಿಚಿದ ಲಕೋಟೆಯಲ್ಲಿ ರೆಕ್ಕೆ ಮುಚ್ಚಿದ ಸ್ಥಿತಿಯಲ್ಲಿ ಇಡಿ. ಲಕೋಟೆಯ ಮೇಲೆ ಅಂದೇ ಊರು ಮತ್ತು ತಾರೀಖು ಬರೆಯಿರಿ. ನಾಳೆ ಬರೆಯೋಣ ಎಂದುಕೊಂಡದ್ದು ಉಳಿಯುವುದಿಲ್ಲ.

4. ಹೆಸರು ತಿಳಿಯದೆ ಪಿನ್ ಚುಚ್ಚಬೇಡಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಹುಲಿ–ಆನೆಗಷ್ಟೇ ಇರುವುದಲ್ಲ. ಕೆಲವು ಚಿಟ್ಟೆಗಳ ಹೆಸರೂ ಅದರ ಅನುಸೂಚಿಗಳಲ್ಲಿ ಸೇರಿವೆ. ಅನುಸೂಚಿಯಲ್ಲಿರುವ ಪ್ರಾಣಿ ಸತ್ತು ಬಿದ್ದು ಸಿಕ್ಕರೂ 39ನೇ ಕಲಮಿನ ಪ್ರಕಾರ ಅದು ಸರಕಾರದ ಸ್ವತ್ತು. ನಾನು ಕೊಂದಿಲ್ಲ, ಬಿದ್ದದ್ದನ್ನು ಎತ್ತಿಕೊಂಡೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. 2022ರ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಾಗಾಗಿ ಹಳೆಯ ಪುಸ್ತಕದ ಪಟ್ಟಿ ನಂಬಿ ಕೂರಬೇಡಿ. ಈಗಿನ ಪಟ್ಟಿಯನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ನೋಡಿ.

ಇದು ದೂರದ ಕಾಡಿನ ಮಾತೆಂದು ಅನಿಸಿದರೆ, ನಿಮ್ಮ ಹಿತ್ತಲಿನದೇ ಉದಾಹರಣೆ ಕೊಡುತ್ತೇನೆ. ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ತುಂಬಿಕೊಳ್ಳುವ ಪ್ಲೇನ್ ಟೈಗರನ್ನು ಹಕ್ಕಿಗಳು ಬಾಯಿಗಿಟ್ಟರೂ ಉಗುಳುತ್ತವೆ. ಆ ಲಾಭಕ್ಕಾಗಿ ಡನೈಡ್ ಎಗ್‌ಫ್ಲೈ ಎಂಬ ಬೇರೊಂದು ಚಿಟ್ಟೆಯ ಹೆಣ್ಣು ಥೇಟ್ ಅದೇ ಕಿತ್ತಳೆ ವೇಷ ತೊಟ್ಟಿದೆ. ಅದರ ಹುಳು ಬೆಳೆಯುವುದು ಹೊಲದಲ್ಲಿ ಕಳೆಯಾಗಿ ಹಬ್ಬುವ ಗೋಣಿಸೊಪ್ಪಿನಲ್ಲಿ. ಗಂಡಿನ ರೂಪವೇ ಬೇರೆ: ಕಪ್ಪು ರೆಕ್ಕೆ, ಬಿಳಿಯ ದೊಡ್ಡ ಬೊಟ್ಟುಗಳು, ಅವುಗಳ ಸುತ್ತ ನೇರಳೆಯ ಮಿಂಚು. ತಿದ್ದುಪಡಿಗೆ ಮೊದಲು ಈ ಡನೈಡ್ ಎಗ್‌ಫ್ಲೈ ಅನುಸೂಚಿ ಒಂದರಲ್ಲಿತ್ತು, ಹುಲಿಗೆ ಇದ್ದಷ್ಟೇ ರಕ್ಷಣೆ ಅದಕ್ಕೂ ಇತ್ತು. ಬಯಲಿನಲ್ಲೂ ಸುಳಿಯುವ ಕ್ರಿಮ್ಸನ್ ರೋಸ್ ಕೂಡ ಅದೇ ಪಟ್ಟಿಯಲ್ಲಿತ್ತು.

ಎರಡು ಕಿತ್ತಳೆ ಚಿಟ್ಟೆಗಳನ್ನು ಬೇರ್ಪಡಿಸುವುದು ಹೇಗೆ? ಹಿಂದಿನ ರೆಕ್ಕೆ ನೋಡಿ. ಪ್ಲೇನ್ ಟೈಗರ್‌ನ ಹಿಂರೆಕ್ಕೆಯ ನಡುವೆ ಕಪ್ಪು ಚುಕ್ಕೆಗಳ ಗುಂಪಿದೆ: ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು. ಎಗ್‌ಫ್ಲೈ ಹೆಣ್ಣಿಗೆ ಅಲ್ಲಿ ಆ ಗುಂಪಿಲ್ಲ, ಮುಂಅಂಚಿನ ಹತ್ತಿರ ಒಂದೇ ಕಪ್ಪು ಮಚ್ಚೆ. ಇಷ್ಟು ನೋಡಲು ಒಂದು ಭೂತಗನ್ನಡಿ ಸಾಕು. ಸಂಶಯ ಉಳಿದರೆ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣದ ಚಿತ್ರಗಳೊಂದಿಗೆ ಹೋಲಿಸಿ. ಆಗಲೂ ಬಗೆಹರಿಯದಿದ್ದರೆ ಚೌಕಟ್ಟಿನ ಆಸೆ ಬಿಟ್ಟು, ಫೋಟೋ ತೆಗೆದು, ಚಿಟ್ಟೆಯನ್ನು ಇದ್ದಲ್ಲೇ ಬಿಡಿ.

ಅಂಬೋಲಿ ಹೆಸರನ್ನೂ ಇಲ್ಲೇ ಎತ್ತುತ್ತೇನೆ. ಮಳೆ ಹಿಡಿದರೆ ನಮ್ಮ ಕಡೆಯ ಕಾರುಗಳು ಸಂಕೇಶ್ವರ, ಆಜರಾ ದಾಟಿ ಅಂಬೋಲಿ ಘಾಟಿಗೆ ಹೊರಡುತ್ತವೆ. ಸಹ್ಯಾದ್ರಿಯ ಚಿಟ್ಟೆ ಕಣ್ಣಿಗೆ ಸಾಕು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಮಹಾರಾಷ್ಟ್ರ 2015ರಲ್ಲಿ ರಾಜ್ಯ ಚಿಟ್ಟೆಯಾಗಿ ಆರಿಸಿದ ಬ್ಲೂ ಮಾರ್ಮನ್, ಎರಡೂ ಆ ಬೆಟ್ಟಸಾಲಿನವು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದೊಳಗಿಂದ ಯಾವ ಜಾತಿಯನ್ನೂ ಪರವಾನಗಿ ಇಲ್ಲದೆ ತರುವಂತಿಲ್ಲ. 2008ರಲ್ಲಿ ಡಾರ್ಜಿಲಿಂಗ್‌ನ ಸಿಂಗಾಲೀಲಾ ರಾಷ್ಟ್ರೀಯ ಉದ್ಯಾನದ ಸೀಮೆಯಲ್ಲಿ ಕೀಟ ಸಂಗ್ರಹಿಸಿದ ಇಬ್ಬರು ಚೆಕ್ ಪ್ರಜೆಗಳು ಬಂಧನಕ್ಕೊಳಗಾಗಿ, ನ್ಯಾಯಾಲಯದಲ್ಲಿ ತಪ್ಪಿತಸ್ಥರಾದರು.

5. ಒಣಗಿದ್ದನ್ನು ಮೆತ್ತಗಾಗಿಸಿ

ಒಣಗಿದ ಚಿಟ್ಟೆಯ ರೆಕ್ಕೆ ಬಿಡಿಸಲು ಹೋದರೆ ಮುರಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಹತ್ತಿ ಹಾಸಿ, ಬೂಷ್ಟು ಬಾರದಂತೆ ಎರಡು ಹನಿ ಡೆಟ್ಟಾಲ್ ಹಾಕಿ. ಹತ್ತಿಗೆ ತಾಗದ ಹಾಗೆ ಸಣ್ಣ ಮುಚ್ಚಳದ ಮೇಲೆ ಚಿಟ್ಟೆಯನ್ನಿಟ್ಟು ಡಬ್ಬಿ ಮುಚ್ಚಿ. ಒಂದೆರಡು ದಿನದಲ್ಲಿ ರೆಕ್ಕೆಯ ಬುಡ ಸಡಿಲವಾಗುತ್ತದೆ. ರೆಕ್ಕೆಗೆ ನೀರು ತಾಗಿದರೆ ಕಲೆ ಉಳಿಯುತ್ತದೆ. ಸತ್ತು ಕೆಲವೇ ತಾಸಾಗಿ ಇನ್ನೂ ಮೆತ್ತಗಿರುವುದಕ್ಕೆ ಇದು ಬೇಡ.

6. ಪಿನ್ ಒಂದೇ ಕಡೆ ಚುಚ್ಚಿ

ಗುಂಡುಸೂಜಿ ಬೇಡ, ತುಕ್ಕು ಹಿಡಿದು ಮೈಗೆ ಕಲೆ ಹತ್ತುತ್ತದೆ. 38 ಮಿಲಿಮೀಟರ್ ಉದ್ದದ ಸ್ಟೀಲಿನ ಕೀಟದ ಪಿನ್ ಸಿಗುತ್ತದೆ, ಮಧ್ಯಮ ಗಾತ್ರದ ಚಿಟ್ಟೆಗೆ 2 ಅಥವಾ 3ನೇ ನಂಬರು ಸಾಕು. ಎದೆಯ ನಟ್ಟನಡುವೆ, ಎರಡು ಮುಂರೆಕ್ಕೆಗಳ ಬುಡದ ಮಧ್ಯೆ, ನೇರವಾಗಿ ಇಳಿಸಿ. ಥರ್ಮೋಕೋಲ್ ಹಾಳೆಯಲ್ಲಿ ಚಿಟ್ಟೆಯ ಮೈ ಹಿಡಿಸುವಷ್ಟು ಒಂದು ತೋಡು ಕೊರೆದು ಅದರಲ್ಲಿ ಕೂರಿಸಿ.

ಈಗ ರೆಕ್ಕೆ. ಮುಂರೆಕ್ಕೆಯನ್ನು ಬುಡದ ದಪ್ಪ ನರದ ಹಿಂದಿನಿಂದ ಪಿನ್ನಿನ ತುದಿಯಲ್ಲಿ ಮೆಲ್ಲಗೆ ಮೇಲಕ್ಕೆ ತಳ್ಳಿ. ಅದರ ಹಿಂಅಂಚು ಮೈಗೆ ಲಂಬವಾದಾಗ ನಿಲ್ಲಿಸಿ. ಆಮೇಲೆ ಹಿಂರೆಕ್ಕೆಯನ್ನು ಎತ್ತಿ ಅದರ ಕೆಳಗೆ ಸೇರಿಸಿ. ಬಟರ್ ಪೇಪರಿನ ಪಟ್ಟಿಯನ್ನು ಮೇಲೆ ಹಾಸಿ, ಪಿನ್ನುಗಳನ್ನು ಪಟ್ಟಿಯ ಮೂಲಕ, ರೆಕ್ಕೆಯ ಹೊರಗೆ ಚುಚ್ಚಿ. ರೆಕ್ಕೆಗೆ ತೂತು ಬೀಳಬಾರದು. ಮೀಸೆಗಳನ್ನು ಎರಡು ಬದಿಗೆ ಸರಿಯಾಗಿ ಅಗಲಿಸಿ, ಮುರಿದರೆ ಅಂಟಿಸುವುದು ಕಷ್ಟ. ಮೊದಲ ಪ್ರಯತ್ನಕ್ಕೆ ಹರಿದ ರೆಕ್ಕೆಯ ಎಮಿಗ್ರಂಟ್ ಚಿಟ್ಟೆಗಳನ್ನೇ ಆರಿಸಿಕೊಳ್ಳಿ.

7. ಅವಸರಪಟ್ಟು ಬಿಚ್ಚಬೇಡಿ

ಒಣಗಲು ಅಥಣಿ, ಕಾಗವಾಡದ ಬೇಸಿಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಎರಡು ಅಥವಾ ಇನ್ನೂ ಹೆಚ್ಚು ಬೇಕು. ಹೊಟ್ಟೆಯ ಭಾಗವನ್ನು ಪಿನ್ನಿನಿಂದ ಮುಟ್ಟಿದಾಗ ಅಲುಗಿದರೆ ಇನ್ನೂ ಒಣಗಿಲ್ಲ. ಬಿಸಿಲಿಗಿಡಬೇಡಿ, ನೆರಳಲ್ಲೇ ಒಣಗಲಿ. ಥರ್ಮೋಕೋಲ್ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಇರುವೆ ಹತ್ತುವುದಿಲ್ಲ.

8. ಫ್ರೇಮಿನವರ ಜೊತೆ ಕೂತು ಮಾತಾಡಿ

ದೇವರ ಫೋಟೋ, ಮದುವೆಯ ಫೋಟೋ ಕಟ್ಟಿಕೊಡುವ ಅಂಗಡಿ ನಮ್ಮ ಪ್ರತಿ ತಾಲೂಕು ಕೇಂದ್ರದಲ್ಲಿದೆ. ಅವರ ಕೈ ಪಳಗಿದ್ದು. ಆದರೆ ಅವರು ಕಟ್ಟುವ ಸಾಮಾನ್ಯ ಚೌಕಟ್ಟಿನಲ್ಲಿ ಗಾಜು ಚಿತ್ರಕ್ಕೆ ಅಂಟಿಯೇ ಕೂರುತ್ತದೆ. ಚಿಟ್ಟೆಗೆ ಅದು ಆಗದು. ಗಾಜಿಗೂ ಹಿಂಬದಿಗೂ ನಡುವೆ ಒಂದೂವರೆಯಿಂದ ಎರಡು ಇಂಚು ಆಳ ಬೇಕು. ಪಿನ್ನಿನ ಉದ್ದವೇ ಒಂದೂವರೆ ಇಂಚು ಎಂಬುದು ನೆನಪಿರಲಿ. ಡಬ್ಬಿಯಂಥ ಆಳದ ಫ್ರೇಮ್ ಎಂದು ಚಿತ್ರ ಬರೆದು ತೋರಿಸಿ, ಅಳತೆ ಪಟ್ಟಿ ಕೈಯಲ್ಲೇ ಕೊಡಿ.

ಒಳಗಿನ ಹಾಸು ಯಾವುದು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಕೈಗೆ ಸಿಗುವುದು ಥರ್ಮೋಕೋಲ್. ಹುಳ ಬಾರದಿರಲೆಂದು ಅದರ ಮೇಲೆ ಡಾಂಬರ ಗುಳಿಗೆ ಇಟ್ಟರೆ, ಗುಳಿಗೆಯ ಆವಿಗೆ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ, ಪಿನ್ ಸಡಿಲವಾಗಿ ಚಿಟ್ಟೆ ವಾಲುತ್ತದೆ. ಹಾಗಾಗಿ ಥರ್ಮೋಕೋಲ್ ರೆಕ್ಕೆ ಬಿಡಿಸುವ ಹಲಗೆಗೆ ಮಾತ್ರ ಇರಲಿ, ಚೌಕಟ್ಟಿನೊಳಗೆ ಕಾರ್ಕ್ ಹಾಳೆ ಹಾಕಿಸಿ. ಮೇಲೆ ಬಿಳಿಯ ಅಥವಾ ತಿಳಿ ಬೂದು ಕಾಗದ. ಕಡುಬಣ್ಣದ ಮಖಮಲ್ಲು ಬೇಡ, ಚಿಟ್ಟೆಯ ಸೂಕ್ಷ್ಮ ಗೆರೆಗಳು ಅದರಲ್ಲಿ ಮುಳುಗಿಹೋಗುತ್ತವೆ.

ಸಂಗ್ರಹಾಲಯಗಳ ದೊಡ್ಡ ಶತ್ರುಗಳು ಎರಡು. ಕಾಗದದ ಹೇನಿನಂಥ ಸಣ್ಣ ಕೀಟ ಒಂದು, ಒಣ ಮಾಂಸ ತಿನ್ನುವ ಆಂಥ್ರೀನಸ್ ಎಂಬ ಜೀರುಂಡೆಯ ಮರಿ ಇನ್ನೊಂದು. ಚಿಟ್ಟೆಯ ಕೆಳಗೆ ಕಂದು ಪುಡಿ ಉದುರಿದ್ದು ಕಂಡರೆ ಅವು ಒಳಗಿವೆ ಎಂದೇ ಅರ್ಥ. ಮದ್ದು ಮನೆಯಲ್ಲೇ ಇದೆ. ಕಟ್ಟುವ ಮೊದಲು ಒಣಗಿದ ಚಿಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನ ಐಸ್ ಖಾನೆಯಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬೇಡಿ, ಇಲ್ಲವಾದರೆ ರೆಕ್ಕೆಗೆ ನೀರು ಕೂರುತ್ತದೆ. ಫ್ರೇಮಿನ ಹಿಂಬದಿಯ ಸಂದುಗಳಿಗೆಲ್ಲ ಟೇಪು ಬಿಗಿಯಾಗಿ ಹಚ್ಚಿಸಿ. ಹೀಗೆ ಮಾಡಿದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಡಾಂಬರ ಗುಳಿಗೆಯ ಹಂಗೇ ಬೇಡ.

9. ಗೋಡೆ ಆರಿಸುವುದೂ ಕೆಲಸವೇ

ಕಿತ್ತಳೆ, ಹಳದಿ, ಕಂದು ಬಣ್ಣ ವರ್ಣದ್ರವ್ಯದ್ದು, ಬಿಸಿಲಿಗೆ ಮಾಸುತ್ತದೆ. ಮಾರ್ಫೊ ಚಿಟ್ಟೆಯ ನೀಲಿ ಹಾಗಲ್ಲ, ಹುರುಪೆಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ಹುಟ್ಟುವ ಬಣ್ಣ ಅದು, ಬೇಗ ಮಾಸದು. ನಮ್ಮ ಬಯಲಿನ ಚಿಟ್ಟೆಗಳಲ್ಲಿ ಹೆಚ್ಚಿನವು ಮೊದಲ ಬಗೆಯವು. ಪಡಸಾಲೆಯ ಒಳಗೋಡೆ, ಬಿಸಿಲು ನೇರ ಬೀಳದ ಜಾಗ ಒಳ್ಳೆಯದು.

ನದಿಯಂಚಿನ ಊರಿನವರು ಇನ್ನೊಂದು ನೋಡಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಈ ತಾಲೂಕುಗಳ ಮನೆಗಳಿಗೆ ನೀರು ನುಗ್ಗಿತ್ತು. ಹಾಗೆ ನೆನೆದ ಮಣ್ಣಿನ ಗೋಡೆಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ತೇವ ಎಳೆಯುತ್ತವೆ. ಅಂಥ ಗೋಡೆಗೆ ಚೌಕಟ್ಟು ಹಾಕಿದರೆ ಬೂಷ್ಟು ಖಂಡಿತ. ಹಿಂಬದಿಯ ನಾಲ್ಕು ಮೂಲೆಗೆ ಬೂಚಿನ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ.

10. ಚೀಟಿ ಇಲ್ಲದ ಚಿಟ್ಟೆಗೆ ಬೆಲೆಯಿಲ್ಲ

ಊರು, ತಾಲೂಕು, ತಾರೀಖು, ಸಿಕ್ಕ ಜಾಗ, ಎತ್ತಿದವರ ಹೆಸರು. ಅಂಗೈಯ ಕಾಲುಭಾಗದಷ್ಟು ಚೀಟಿ, ಮಾಸದ ಕಪ್ಪು ಶಾಯಿ. ಇದನ್ನು ಬರೆದರೆ ಅಲಂಕಾರದ ವಸ್ತು ದಾಖಲೆಯಾಗುತ್ತದೆ.

ಇದನ್ನು ಮಾಡಿ ತೋರಿಸಿದವರು ನಮ್ಮ ಪಕ್ಕದ ಉತ್ತರ ಕನ್ನಡದಲ್ಲೇ ಇದ್ದರು. ಟಿ. ಆರ್. ಬೆಲ್ ಐರ್ಲೆಂಡಿನಿಂದ ಬಂದ ಅರಣ್ಯಾಧಿಕಾರಿ. ನಿವೃತ್ತಿಯಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲೇ ಉಳಿದು, 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಕಲೆಕ್ಟರ್ ಡೇವಿಡ್‌ಸನ್ ಮತ್ತು ಉಪ್ಪಿನ ಇಲಾಖೆಯ ಏಟ್ಕನ್ ಜೊತೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. 1909ರಿಂದ ಅದೇ ಪತ್ರಿಕೆಯಲ್ಲಿ ಭಾರತದ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಕುರಿತು ಬೆಲ್ ಅವರ ದೀರ್ಘ ಲೇಖನಮಾಲೆ ಶುರುವಾಯಿತು. ನಿಮ್ಮ ಹಿತ್ತಲಿನ ಎಕ್ಕದ ಚಿಟ್ಟೆ, ನಿಂಬೆಯ ಚಿಟ್ಟೆ ಆ ಬಯಲಿನವೇ. ಬೆಲ್ ಅವರ ದೊಡ್ಡತನ ಬಲೆ ಬೀಸಿದ್ದರಲ್ಲಿಲ್ಲ. ಮನೆಯಲ್ಲಿ ಹುಳು ಸಾಕಿ, ಯಾವ ಹುಳು ಯಾವ ಎಲೆ ತಿನ್ನುತ್ತದೆ, ಕೋಶ ಹೇಗೆ ಕಟ್ಟುತ್ತದೆ ಎಂದು ಬರೆದಿಟ್ಟದ್ದರಲ್ಲಿದೆ. ಈ ಕೆಲಸದಲ್ಲಿ ಅವರ ಸಹೋದರಿ ಈವಾ ಕೈಜೋಡಿಸಿದ್ದರು. ಶತಮಾನ ಕಳೆದರೂ ಸಂಶೋಧಕರು ಆ ಟಿಪ್ಪಣಿ ತೆರೆದು ನೋಡುತ್ತಾರೆ. ರಾಯಬಾಗದ ಒಬ್ಬ ಶಿಕ್ಷಕಿ ಇಂದು ಬರೆದ ಚೀಟಿಗೂ ಆ ಯೋಗ್ಯತೆ ಬರಬಹುದು.

11. ಪತಂಗವನ್ನು ಮರೆಯಬೇಡಿ

ಚಿಟ್ಟೆ ಸಿಗುತ್ತಿಲ್ಲ ಎನ್ನುವವರು ರಾತ್ರಿಯ ದೀಪದ ಕೆಳಗೆ ನೋಡಲಿ. ಕಣಗಿಲೆ ಮತ್ತು ನಂದಿಬಟ್ಟಲಲ್ಲಿ ಬೆಳೆಯುವ ಓಲಿಯಾಂಡರ್ ಹಾಕ್‌ಮಾತ್ ಪತಂಗದ ಮೇಲೆ ಹಸಿರು, ಗುಲಾಬಿ, ಬಿಳಿ ಬಣ್ಣಗಳು ಅಮೃತಶಿಲೆಯ ಗೆರೆಗಳಂತೆ ಹರಡಿವೆ. ಎಳ್ಳಿನ ಹೊಲದ ಡೆತ್ಸ್ ಹೆಡ್ ಪತಂಗದ ಬೆನ್ನ ಮೇಲೆ ತಲೆಬುರುಡೆಯ ಗುರುತಿದೆ. ಬೆಲ್ ಅವರು ಸ್ಕಾಟ್ ಎಂಬುವರ ಜೊತೆ ಬರೆದ 1937ರ ದೊಡ್ಡ ಗ್ರಂಥ ಈ ಹಾಕ್‌ಮಾತ್ ಕುಲದ ಬಗ್ಗೆಯೇ ಇದೆ.

ಇನ್ನೊಂದು ನಿರ್ಭಯದ ದಾರಿ ರೇಷ್ಮೆ. ಹಿಪ್ಪುನೇರಳೆ ತಿನ್ನುವ ರೇಷ್ಮೆಹುಳು ಪೂರ್ತಿ ಸಾಕುಪ್ರಾಣಿ, ಕಾಡಿನಲ್ಲಿ ಅದು ಬದುಕುವುದಿಲ್ಲ, ಅದರ ಪತಂಗಕ್ಕೆ ಹಾರಲೂ ಬಾರದು. ಬೆಳೆಗಾರರಿಂದ ನಾಲ್ಕು ಗೂಡು ತಂದಿಡಿ. ಪತಂಗ ಗೂಡು ತೂತು ಮಾಡಿ ಹೊರಬಂದು, ಮೊಟ್ಟೆಯಿಟ್ಟು, ಕೆಲವೇ ದಿನದಲ್ಲಿ ತಾನಾಗಿ ತೀರಿಹೋಗುತ್ತದೆ. ಮೊಟ್ಟೆಯ ಕಾಗದ, ತೂತಾದ ಗೂಡು, ಹೆಣ್ಣು, ಗಂಡು, ಒಂದು ಒಣಗಿದ ಎಲೆ: ಒಂದೇ ಚೌಕಟ್ಟಿನಲ್ಲಿ ಪೂರ್ತಿ ಬಾಳು. ವನ್ಯಜೀವಿ ಕಾಯ್ದೆಯ ತೊಡಕಿಲ್ಲ, ಹಿಂಸೆಯ ಭಾರವಿಲ್ಲ. ಹೊಸಬರು ಇದರಿಂದಲೇ ಶುರು ಮಾಡುವುದು ಮೇಲು.

12. ಕೊಳ್ಳುವ, ಮಾರುವ ಮುನ್ನ

ವಿದೇಶಿ ಚಿಟ್ಟೆಯ ಫ್ರೇಮ್ ಕೊಳ್ಳುವವರು ಕಾಗದಪತ್ರ ಕೇಳಿ. ಬರ್ಡ್‌ವಿಂಗ್ ಕುಲದ ಚಿಟ್ಟೆಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟ್ಸ್ ಒಪ್ಪಂದದ ಹಿಡಿತದಲ್ಲಿದೆ. ಪಪುವಾ ನ್ಯೂ ಗಿನಿಯ ಕ್ವೀನ್ ಅಲೆಕ್ಸಾಂಡ್ರಾ ಬರ್ಡ್‌ವಿಂಗ್, ಜಗತ್ತಿನ ಅತಿ ದೊಡ್ಡ ಚಿಟ್ಟೆ, ವ್ಯಾಪಾರಕ್ಕೆ ಪೂರ್ತಿ ನಿಷಿದ್ಧ. ಕಾಗದ ತೋರಿಸದ ಮಾರಾಟಗಾರರಿಂದ ಕೊಳ್ಳಲೇಬೇಡಿ.

ಇದರಲ್ಲಿ ನಾಲ್ಕು ಕಾಸು ಮಾಡಿಕೊಳ್ಳಬೇಕು ಎನ್ನುವ ಯುವಕರಿಗೆ ನನ್ನ ನೇರ ಮಾತು: ಕಾಡಿನ ಚಿಟ್ಟೆಯ ಮಾರಾಟಕ್ಕೆ ಇಳಿಯಬೇಡಿ. ಬೇಡಿಕೆ ಬಂದ ದಿನ ಸತ್ತದ್ದು ಸಾಕಾಗುವುದಿಲ್ಲ, ಕೈ ಬಲೆಯ ಕಡೆಗೆ ಹೋಗುತ್ತದೆ. ರೇಷ್ಮೆಯ ಬಾಳಚಕ್ರದ ಚೌಕಟ್ಟು, ಹೊಲದ ಚಿಟ್ಟೆಗಳ ಒಳ್ಳೆಯ ಫೋಟೋ ಮುದ್ರಣ, ಚಿಟ್ಟೆಗಿಡಗಳ ಸಸಿ ಮಾರಿ. ಕಲಿಯಲು ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2006ರಲ್ಲಿ ತೆರೆದ ಚಿಟ್ಟೆ ಉದ್ಯಾನಕ್ಕೆ ಹೋಗಿಬನ್ನಿ, ಮೂಡುಬಿದಿರೆ ಬಳಿಯ ಬೆಳುವಾಯಿಯ ಚಿಟ್ಟೆ ಪಾರ್ಕ್ ನೋಡಿ. ಗಿಡ ನೆಟ್ಟು ಚಿಟ್ಟೆ ಕರೆಯುವುದು ಹೇಗೆಂದು ಎರಡೂ ಕಡೆ ಕಣ್ಣಾರೆ ಕಾಣಬಹುದು.

ಮನೆಗೊಂದು ಚೌಕಟ್ಟು ಆದ ಮೇಲೆ ಎರಡನೆಯದನ್ನು ನಿಮ್ಮೂರ ಸರಕಾರಿ ಶಾಲೆಗೆ ಕೊಡಿ. ನಮ್ಮ ಊರುಗಳಲ್ಲಿ ಕನ್ನಡ ಶಾಲೆಯೂ ಇದೆ, ಮರಾಠಿ ಶಾಲೆಯೂ ಇದೆ. ಚೀಟಿಯನ್ನು ಎರಡೂ ಭಾಷೆಯಲ್ಲಿ ಬರೆಯಿರಿ, ಮೂರನೇ ತರಗತಿಯ ಮಗುವಿನ ಕಣ್ಣೆತ್ತರಕ್ಕೆ ಮೊಳೆ ಹೊಡೆಯಿರಿ, ಶಾಲೆಯ ಅಂಗಳದಲ್ಲಿ ಒಂದು ನಿಂಬೆಗಿಡವನ್ನೂ ನೆಟ್ಟು ಬನ್ನಿ.